ಹಾಯಿದೋಣಿಯೂ ಬಾಣಲೆಯ ಕಿವಿಯೂ

ಬಾಣಲೆಗೆ ಎರಡು ಕಿವಿ ಇರಬೇಕು. ಇದಕ್ಕೆ ಒಂದೇ ಇದೆ. ಇನ್ನೊಂದು ಇದ್ದ ಜಾಗದಲ್ಲಿ ಅಕ್ಕಪಕ್ಕ ಎರಡು ತೂತುಗಳಿವೆ. ತುಕ್ಕು ತಿಂದ ತೂತಲ್ಲ, ಕೈಜಾರಿ ಬಿದ್ದು ಹರಿದದ್ದೂ ಅಲ್ಲ. ದುಂಡಗೆ ಕೊರೆದು, ಅಂಚನ್ನು ಅರದಿಂದ ಸವರಿ, ಬೆರಳಿಟ್ಟರೆ ತರಚದಷ್ಟು ನಯ ಮಾಡಿದ ತೂತು. ಎಣ್ಣೆ ಈ ತೂತುಗಳಿಗಿಂತ ಒಂದು ಬೆರಳು ಕೆಳಗೇ ನಿಲ್ಲಬೇಕು. ಹಾಗಾಗಿ ಆ ಮನೆಯ ಬೋಂಡಾಗಳಿಗೆ ಈಜಲು ಜಾಗ ಸಾಲದೆ ಒಂದು ಬದಿ ಚಪ್ಪಟೆಯಾಗಿರುತ್ತವೆ.

ಆ ಮನೆ ಅಜ್ಜಂಪುರದಲ್ಲಿರುವ ನನ್ನ ಸೋದರಮಾವನದು. ಮಾವ ಈ ಸೀಮೆಯ ಅತ್ಯಂತ ಅನುಭವಿ ನಾವಿಕರು. ನಗಬೇಡಿ! ಕಡೂರು, ತರೀಕೆರೆ, ಅಜ್ಜಂಪುರ ಮೂರನ್ನೂ ಸೇರಿಸಿ ಹುಡುಕಿದರೂ ಸ್ವಂತ ಹಾಯಿದೋಣಿ ಇರುವ ಇನ್ನೊಬ್ಬರು ಸಿಗಲಾರರು. ಅವರು ಸಮುದ್ರವನ್ನು ಕಂಡಿಲ್ಲ ಎಂಬುದು ಬೇರೆ ವಿಷಯ. ಅವರಿಗೆ ಈಜು ಬರುವುದಿಲ್ಲ ಎಂಬುದು ಇನ್ನೂ ಬೇರೆ ವಿಷಯ.

ಈ ದೋಣಿ ಕಳೆದ ತಿಂಗಳ ಒಂದು ಭಾನುವಾರ ನೀರಿಗೆ ಹೋಗಬೇಕಿತ್ತು, ಇಲ್ಲವೇ ಗುಜರಿಗೆ ಹೋಗಬೇಕಿತ್ತು. ಮೂರನೆಯ ದಾರಿ ಇರಲಿಲ್ಲ. ಯಾವ ದಾರಿ ಎಂಬುದು ನಿಂತಿದ್ದು ಲೋಹಕ್ಕೆ ಲೋಹವನ್ನು ಬಿಗಿಯುವ, ಕಡಲೆಕಾಳಿನಷ್ಟು ದಪ್ಪದ ಕೆಲವು ರಿವೆಟ್ಟುಗಳ ಮೇಲೆ. ಮಾವ ರಿವೆಟ್ಟುಗಳನ್ನು ಬಿಚ್ಚುವುದರಲ್ಲಿ ನಿಸ್ಸೀಮರು. ಹಾಕುವುದರಲ್ಲಿ? ಬಾಣಲೆಯನ್ನು ನೋಡಿದಿರಲ್ಲ.

ಮೊದಲು ದೋಣಿ ಬಂದ ಬಗೆ ಹೇಳಬೇಕು. ಮಾವ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹಿರೇನಲ್ಲೂರಿನ ಹೊಲಗಳಿಂದ ಹಿಡಿದು ಲಿಂಗದಹಳ್ಳಿಯ ಗದ್ದೆಗಳವರೆಗೆ ಅವರು ಸರಪಳಿ ಎಳೆಯದ ಜಮೀನು ಕಡಿಮೆ. ಅಣ್ಣತಮ್ಮಂದಿರ ನಡುವೆ ನಿಂತು, ಒಂದು ಗೇಣು ಬದುವಿಗಾಗಿ ಎರಡೂ ಕಡೆಯ ಬೈಗುಳ ತಿಂದು ಸಂಸಾರ ನಡೆಸಿದವರು. ನಿವೃತ್ತರಾದ ಮೇಲೆ ಲಕ್ಕವಳ್ಳಿಯ ಕಡೆ ಹೋದಾಗ, ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ, ಎಂದೋ ನಿಂತುಹೋದ ಒಂದು ತರಬೇತಿ ಶಿಬಿರದ ದೋಣಿ ಮರದ ಕೆಳಗೆ ಬೋರಲು ಬಿದ್ದಿದ್ದನ್ನು ಕಂಡರು. ಕೇಳಿದರು. ನೋಡಿಕೊಳ್ಳುತ್ತಿದ್ದವರು ಧಾರಾಳವಾಗಿ ಒಪ್ಪಿದರು. ಒಂದೇ ಷರತ್ತು: ದೋಣಿಯ ಕೆಳಗೆ ಅವರ ಕೋಳಿ ಕಾವಿಗೆ ಕೂತಿದೆ, ಅದು ಮರಿ ಮಾಡಿಕೊಂಡು ಎದ್ದ ಮೇಲೆ ಒಯ್ಯಬೇಕು. ಕೋಳಿ ಎದ್ದಿತೇ ಎಂದು ವಿಚಾರಿಸಲು ಮಾವ ಅಜ್ಜಂಪುರದಿಂದ ಲಕ್ಕವಳ್ಳಿಗೆ ಮತ್ತೆ ಮತ್ತೆ ಹೋಗಿ ಬಂದರು. ತಂಗಿಯ ಬಾಣಂತನಕ್ಕೂ ಇಷ್ಟು ಸಲ ಬರಲಿಲ್ಲ ಎಂದು ಅಮ್ಮನಿಗೆ ಇವತ್ತಿಗೂ ಬೇಸರ.

ದೋಣಿ ಯಾಕೆ ಬೇಕಾಯಿತು ಎಂದು ನಾನೇ ಒಮ್ಮೆ ಕೇಳಿದ್ದೆ.

"ನೀರಿನ ಮೇಲೆ ಯಾವನೂ ಬಾಂದುಕಲ್ಲು ಕಿತ್ತು ಆಚೆಗೆ ನೆಡಕ್ಕಾಗಲ್ಲ ಕಣೇ" ಎಂದರು.

ಈ ಮಾತಿಗೆ ಎದುರು ಹೇಳುವುದು ಕಷ್ಟ. ಆದರೆ ಭೂಗೋಳ ಎದುರು ಹೇಳಿತು. ಅಜ್ಜಂಪುರ ಬಯಲು. ಗುಡ್ಡದ ಮೇಲಿನ ಗಾಳಿಯಂತ್ರಗಳು ವರ್ಷವಿಡೀ ತಿರುಗುವಷ್ಟು, ಒಣಗಲು ಹಾಕಿದ ಪಂಚೆ ಮುಂದಿನ ಬೀದಿಗೆ ಹೋಗಿ ಬೀಳುವಷ್ಟು ಗಾಳಿ. ನೀರು ಮಾತ್ರ ಬೋರ್‌ವೆಲ್ಲಿನದು. ಲಕ್ಕವಳ್ಳಿಯಲ್ಲಿ ಕಣ್ಣಳತೆಗೂ ಮೀರಿ ನೀರು. ಗಾಳಿಯನ್ನು ಸುತ್ತಲಿನ ಗುಡ್ಡಕಾಡು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಇರುವ ಕಡೆ ದೋಣಿ ಇಟ್ಟುಕೊಂಡು ನೀರಿಗೆ ಕಾಯುವುದೇ, ನೀರಿರುವ ಕಡೆ ಇಟ್ಟು ಗಾಳಿಗೆ ಕಾಯುವುದೇ? ಮಾವ ಮನೆಗೆ ಹತ್ತಿರವೆಂದು ಮೊದಲನೆಯದನ್ನು ಆರಿಸಿಕೊಂಡರು. ಪಕ್ಕದ ಮನೆಯ ಗೌಡರು ಈರುಳ್ಳಿ ಬೆಳೆಯುವವರು. ತಮ್ಮ ಈರುಳ್ಳಿ ಶೆಡ್ಡಿನ ಅರ್ಧವನ್ನು ದೋಣಿಗೆ ಬಿಟ್ಟುಕೊಟ್ಟರು. ಅಂದಿನಿಂದ ಹಾಯಿಯನ್ನು ಯಾವಾಗ ಬಿಚ್ಚಿದರೂ ಕಣ್ಣಲ್ಲಿ ನೀರು ಬರುತ್ತದೆ. ಮಾವ ಅದನ್ನು ಭಾವುಕತೆ ಎನ್ನುತ್ತಾರೆ.

ಕಳೆದ ವರ್ಷ ಮೊದಲ ಯಾನ ನಡೆಯಿತು. ಗೌಡರ ಟ್ರ್ಯಾಕ್ಟರಿನಲ್ಲಿ ದೋಣಿ ಲಕ್ಕವಳ್ಳಿಗೆ ಹೋಯಿತು. ಲೈಫ್ ಜಾಕೆಟ್ ತೊಟ್ಟ ಮಾವ ದಡಕ್ಕೆ ಕೈಬೀಸಿ ಹೊರಟು, ಒಂದು ಫರ್ಲಾಂಗು ಹೋಗಿ ನಿಂತರು. ಗಾಳಿ ಇಲ್ಲ. ಬೆಳಗಿನ ತಿಂಡಿಯ ಹೊತ್ತಿನಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ, ಫೋಟೋಗೆ ಕೂತವರಂತೆ ಕೂತಿದ್ದರು. ತೆಪ್ಪದಲ್ಲಿ ಮೀನು ಹಿಡಿಯುತ್ತಿದ್ದವರು ಬಂದು, ಏನು ಸಾರ್ ಕೆಟ್ಟೋಯ್ತಾ ಎಂದು ವಿಚಾರಿಸಿ, ಹಗ್ಗ ಕಟ್ಟಿ ಎಳೆದುಕೊಂಡು ಬರತೊಡಗಿದರು. ಆಗ ಬಂತು ಗಾಳಿ! ಒಂದೇ ಒಂದು ಬೀಸು. ಹಾಯಿ ಉಬ್ಬಿತು, ಹಾಯಿಕಂಬಕ್ಕೆ ಹಗ್ಗವನ್ನು ಹಿಡಿದಿಟ್ಟಿದ್ದ ಸ್ಟೀಲಿನ ಕೊಕ್ಕೆ ರಿವೆಟ್ಟು ಸಮೇತ ಕಿತ್ತು ಮಾವನ ಮಡಿಲಿಗೆ ಬಿತ್ತು. ತೆಪ್ಪದ ಹಿಂದೆ ಬಂದು ದಡ ಸೇರಿದ ಮಾವ, ಬಹುಮಾನ ಗೆದ್ದವರ ಹಾಗೆ ಕೊಕ್ಕೆಯನ್ನು ಎತ್ತಿ ತೋರಿಸುತ್ತ ಇಳಿದರು. ಅವರಿಗೆ ಬಾಳಿನ ಕೆಲಸ ಸಿಕ್ಕಿತ್ತು.

ಫೋನಿನಲ್ಲಿ ಅವರಿಗೊಬ್ಬ ಗುರು ಸಿಕ್ಕಿದ. ಯಾವುದೋ ದೇಶದವನು, ವೀಡಿಯೋದಲ್ಲಿ ಅವನ ಮುಖ ಕಾಣುವುದಿಲ್ಲ, ಎರಡು ಕೈ ಮಾತ್ರ. ಭಾಷೆ ತಿಳಿಯದ ಕಾರಣ ಮಾವ ದನಿ ಅಡಗಿಸಿ ನೋಡುತ್ತಾರೆ. ರಿವೆಟ್ಟಿನ ತಲೆಯ ನಡುವೆ ಚುಚ್ಚಿ ಗುರುತು ಮಾಡಬೇಕು. ಡ್ರಿಲ್ಲಿಗೆ ತೂತಿನ ಅಳತೆಯದೇ ಕೊರೆಯುವ ಮೊನೆ ಹಾಕಿ, ಅದನ್ನು ನೆಟ್ಟಗೆ ಹಿಡಿದು ನಿಧಾನವಾಗಿ ಕೊರೆಯಬೇಕು. ತಲೆ ಮಾತ್ರ ಮೊನೆಗೆ ಸಿಕ್ಕಿ ಉಂಗುರದ ಹಾಗೆ ಬರಬೇಕು, ಕಂಬಕ್ಕೆ ಗಾಯವಾಗಬಾರದು. ಆಮೇಲೆ ಮೊಳೆಯಿಂದ ಮೆಲ್ಲಗೆ ತಟ್ಟಿದರೆ ರಿವೆಟ್ಟಿನ ಬಾಲ ಟೊಳ್ಳು ಕಂಬದ ಒಳಗೆ ಬೀಳುತ್ತದೆ. ಗುರುವಿನ ಕೈ ನೋಡು, ಕಲ್ಲಿನ ಹಾಗೆ ನಿಂತಿದೆ ಎಂದು ಮಾವ ನನಗೆ ತೋರಿಸಿ ತೋರಿಸಿ ಮೆಚ್ಚುತ್ತಿದ್ದರು.

ಕಿತ್ತ ಕೊಕ್ಕೆಯನ್ನು ಮತ್ತೆ ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅಲ್ಯುಮಿನಿಯಂ ಕಂಬದಲ್ಲಿ ಉಳಿದ ಸ್ಟೀಲ್ ಸಾಮಾನುಗಳ ಸುತ್ತಲೂ ಬಿಳಿ ಪುಡಿ ಕಂಡಿತು. ಮಾವನ ಪ್ರಕಾರ ಎರಡು ಜಾತಿಯ ಲೋಹ ಒಂದನ್ನೊಂದು ಮುಟ್ಟಿಕೊಂಡು, ನಡುವೆ ನೀರು ಸೇರಿದರೆ, ಒಂದು ಇನ್ನೊಂದನ್ನು ತಿನ್ನುತ್ತದೆ; ಮಧ್ಯೆ ಲೇಪದ ಒಂದು ಪರೆ ಇರಲೇಬೇಕು. ನಾನು ತರೀಕೆರೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ತೊಂದರೆಯೇ ಅದು. ಕಂಬದ ರಿವೆಟ್ಟುಗಳನ್ನೆಲ್ಲ ಬಿಚ್ಚಿ ಮುಗಿಸಿದ ಮೇಲೆ ಅವರು ಎರಡು ಜಾತಿಯ ಲೋಹಗಳನ್ನು ಹುಡುಕಿಕೊಂಡು ಅಡುಗೆಮನೆ ಹೊಕ್ಕರು. ಬಾಣಲೆ ಅಲ್ಯುಮಿನಿಯಂ, ಕಿವಿ ಸ್ಟೀಲು. ಕಿವಿ ಹೋಯಿತು.

"ಒಂದನ್ನೊಂದು ತಿಂದು ಸೊರಗ್ತವೆ ಕಣೇ, ಮಧ್ಯೆ ಏನಾದ್ರೂ ಇರ್ಬೇಕು" ಎಂದು ಅತ್ತೆಗೆ ವಿವರಿಸಿದರು.

"ನಮ್ಮಿಬ್ರ ಮಧ್ಯೆ ಆ ಕಂಬಾನೇ ತಂದು ಮಲಗಿಸಿದೀರಲ್ಲ. ಸೊರಗ್ತಿರೋದು ಯಾರು ನೋಡ್ಕಳಿ" ಎಂದರು ಅತ್ತೆ.

ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಶೆಡ್ಡಿನಲ್ಲಿ ಡ್ರಿಲ್ಲಿಗೆ ಕರೆಂಟಿಲ್ಲವೆಂದು ಮಾವ ಕಂಬವನ್ನು ಮನೆಯೊಳಗೆ ತಂದಿದ್ದರು. ಕಂಬ ಮನೆಗಿಂತ ಉದ್ದ. ಅದರ ಬುಡ ಅಡುಗೆಮನೆಯ ಒಲೆಗಟ್ಟೆಯ ಬಳಿ ಇತ್ತು. ನಡು ಹಜಾರ ದಾಟಿ, ತುದಿ ಕಿಟಕಿಯಿಂದ ಬೀದಿಗೆ ಚಾಚಿತ್ತು. ತುದಿಗೆ ಲಾರಿಯವರ ಹಾಗೆ ಕೆಂಪು ಬಟ್ಟೆ ಕಟ್ಟಿದ್ದರು. ಮೈತುಂಬ ಖಾಲಿ ತೂತುಗಳಿದ್ದ ಆ ಕಂಬದಲ್ಲಿ ಅಜ್ಜಂಪುರದ ಗಾಳಿ ಹೊಕ್ಕರೆ ಇಡೀ ಮನೆ ಕೊಳಲಿನಂತೆ ಊಳಿಡುತ್ತಿತ್ತು. ಎದುರುಮನೆಯವರು ಬಂದು, ನಿಮ್ಮ ಕುಕ್ಕರ್ ಒಂದೇ ಸಮ ಕೂಗ್ತಿದೆ ಎಂದು ಹೇಳಿ ಹೋದರು. ಈ ಸಲದ ಗಣೇಶನ ಹಬ್ಬಕ್ಕೆ ದೇವರ ಮೇಲೆ ತೂಗುವ ಫಲವಳಿಗೆ ಕಟ್ಟಿದ್ದೂ ಆ ಕಂಬಕ್ಕೇ. ಸೌತೆಕಾಯಿ, ಸೀತಾಫಲ, ಜೋಳದ ತೆನೆಗಳ ಭಾರಕ್ಕೆ ಕಂಬ ಸ್ವಲ್ಪ ವಾಲಿದಾಗ, ಒಳಗೆ ಬಿದ್ದಿದ್ದ ಹಳೆಯ ರಿವೆಟ್ಟುಗಳ ಬಾಲಗಳೆಲ್ಲ ಆ ತುದಿಯಿಂದ ಈ ತುದಿಗೆ ಸರಸರ ಉರುಳಿ ಗೆಜ್ಜೆಯ ಸದ್ದು ಮಾಡಿದವು. ಮಂಗಳಾರತಿಯ ಸಮಯ. ಪುರೋಹಿತರು ಗಣಪತಿಯ ಕಡೆ ಒಮ್ಮೆ ನೋಡಿ, ಸ್ವಲ್ಪ ಹಿಂದೆ ಸರಿದು ಕೂತರು.

ಬಿಚ್ಚಿದ್ದನ್ನು ಮತ್ತೆ ಹಾಕುವುದು ಯಾವಾಗ? ಇದಕ್ಕೆ ಮಾವನ ಬಳಿ ಒಂದು ಸಿದ್ಧ ಪದ ಇತ್ತು: ಸದ್ಯಕ್ಕೆ. ಸದ್ಯಕ್ಕೆ ಸರಿಯಾದ ರಿವೆಟ್ ಸಿಕ್ಕಿಲ್ಲ, ನಾನೊಬ್ನೇ ಇನ್ನೊಂದ್ಸಲ ಶಿವಮೊಗ್ಗಕ್ಕೆ ಹೋಗಿ ನೋಡ್ಕಂಡ್ ಬರ್ತೀನಿ. ಸದ್ಯಕ್ಕೆ ತಂತಿ ಕಟ್ಟಿದೀನಿ. ಇಂಥ ಒಂದು ತಂತಿ ಕಡೂರಿನ ನಮ್ಮ ಮನೆಗೂ ಬಂತು. ಅಪ್ಪನ ಹಳೆಯ ಸೂಟ್‌ಕೇಸಿನ ಹಿಡಿಯಲ್ಲಿ ಎರಡು ಜಾತಿಯ ಲೋಹಗಳನ್ನು ಪತ್ತೆಹಚ್ಚಿದ ಮಾವ, ರಿವೆಟ್ಟು ತೆಗೆದು ಸದ್ಯಕ್ಕೆ ತಂತಿ ಕಟ್ಟಿ ಹೋದರು. ಮರುವಾರ ಅಪ್ಪ ಹೊರಡುತ್ತಿದ್ದ ರೈಲನ್ನು ಅವಸರದಲ್ಲಿ ಹತ್ತಿದರು. ಹಿಡಿ ಅಪ್ಪನ ಜೊತೆ ಬೀರೂರು ತಲುಪಿತು. ಸೂಟ್‌ಕೇಸ್ ಕಡೂರಿನ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಅಪ್ಪ ಆ ಹಿಡಿಯನ್ನು ಎಸೆಯದೆ ಟಿವಿಯ ಪಕ್ಕ ಇಟ್ಟುಕೊಂಡಿದ್ದಾರೆ. ಮಾವ ಬಂದಾಗಲೆಲ್ಲ ಅದರ ಧೂಳು ಒರೆಸುತ್ತಾರೆ.

ಈ ನಡುವೆ ಮಾವ ವೇಷಭೂಷಣದಲ್ಲೂ ನಾವಿಕರಾಗತೊಡಗಿದ್ದರು. ದಿನವೂ ನುಣ್ಣಗೆ ಶೇವ್ ಮಾಡಿಕೊಳ್ಳುತ್ತಿದ್ದವರು ಗಡ್ಡ ಬಿಟ್ಟರು. ಗುಂಡಿಯ ಅಂಗಿಗಳನ್ನೆಲ್ಲ ಕಟ್ಟಿಟ್ಟು ತಲೆಯಿಂದ ಇಳಿಸಿಕೊಳ್ಳುವ ಬನಿಯನ್ ಅಂಗಿ ಹಿಡಿದರು. ದೋಣಿಯಲ್ಲಿ ಹಗ್ಗ ಗುಂಡಿಗೆ ಸಿಕ್ಕಿಕೊಂಡರೆ ಅಪಾಯವಂತೆ. ಕಾಫಿಯನ್ನು ಲೋಟದಲ್ಲಿ ಕುಡಿಯುವುದು ಬಿಟ್ಟು ದೊಡ್ಡ ಚೊಂಬಿನಲ್ಲಿ ಅರ್ಧಕ್ಕೆ ಹಾಕಿಸಿಕೊಂಡು ಕುಡಿಯತೊಡಗಿದರು. ಅಲೆಯ ಮೇಲೆ ಚೆಲ್ಲಬಾರದಲ್ಲ, ಅಭ್ಯಾಸವಂತೆ. ನಾವೆಲ್ಲ ಎಷ್ಟು ನಕ್ಕೆವು! ಅಲೆಯೇ ಏಳದ ಲಕ್ಕವಳ್ಳಿಯ ಹಿನ್ನೀರಿಗೆ ಇಷ್ಟು ಪೂರ್ವಸಿದ್ಧತೆಯೇ ಎಂದು ಮನೆಮಂದಿಯೆಲ್ಲ ಫೋನು ಮಾಡಿ ಮಾಡಿ ನಕ್ಕೆವು.

ಹಬ್ಬ ಮುಗಿದದ್ದೇ ಈರುಳ್ಳಿ ಕೀಳುವ ಕಾಲ ಬಂತು. ಗೌಡರಿಗೆ ಶೆಡ್ಡು ಪೂರ್ತಿ ಬೇಕಾಯಿತು. ಅವರು ಒಳ್ಳೆಯವರು, ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರ್ ತರುತ್ತೇನೆ, ಲಕ್ಕವಳ್ಳಿ ದಡದಲ್ಲಿ ಗುರುತಿನವರ ಮನೆಯ ಹಿಂದೆ ಜಾಗವನ್ನೂ ಮಾತಾಡಿದ್ದೇನೆ ಎಂದರು. ಆದರೆ ಮಾತಿಗೆ ಒಂದು ಬಾಲ ಇತ್ತು. ಕಂಬಕ್ಕೆ ಸಾಮಾನೆಲ್ಲ ಕೂತು ದೋಣಿ ದೋಣಿಯಂತೆ ಇದ್ದರೆ ಲಕ್ಕವಳ್ಳಿಗೆ. ಹೀಗೇ ಬಿಚ್ಚಿಕೊಂಡು ಬಿದ್ದಿದ್ದರೆ ಅದೇ ಟ್ರ್ಯಾಕ್ಟರಿನಲ್ಲಿ ತರೀಕೆರೆಯ ಗುಜರಿಗೆ. ಅತ್ತೆ ಕಾಂಪೌಂಡಿನ ಈಚೆಯಿಂದಲೇ, ಇಡೀ ಬೀದಿಗೆ ಕೇಳುವ ಹಾಗೆ, ಒಪ್ಪಿಗೆ ಕೊಟ್ಟರು.

"ಗುಜರಿಗೇ ಹಾಕಿ ಗೌಡ್ರೇ. ಇವ್ರಿಗೆ ಬಿಚ್ಚೋದು ಗೊತ್ತು, ಹಾಕೋದು ಗೊತ್ತಿಲ್ಲ. ಆ ಕಂಬ ನಿಂತ್ರೆ ನಾನೇ ಹೋಗಿ ದೋಣಿಲಿ ಕೂರ್ತೀನಿ."

ಮಾವ ಅದನ್ನು ಕೇಳಿಸಿಕೊಂಡು ಗಂಭೀರವಾಗಿ ತಲೆಯಾಡಿಸಿದರಂತೆ. ಅತ್ತೆ ದೋಣಿಯಲ್ಲಿ ಕೂರುತ್ತೇನೆ ಎಂದದ್ದು ಅದೇ ಮೊದಲು. ಬೈಗುಳದ ರೂಪದಲ್ಲಿ ಬಂದರೇನು, ಮಾತು ಮಾತೇ ಅಲ್ಲವೇ? ಅವತ್ತೇ ಅವರು ಎರಡನೆಯ ಲೈಫ್ ಜಾಕೆಟ್ ತೊಳೆದು ಒಣಹಾಕಿದರು. ಈರುಳ್ಳಿ ವಾಸನೆ ಅತ್ತೆಗೆ ಆಗುವುದಿಲ್ಲ.

ಶನಿವಾರ ಕಾಲೇಜು ಮುಗಿಸಿ ನಾನು ತರೀಕೆರೆಯಿಂದ ಬಸ್ಸು ಹತ್ತಿದೆ. ಒಂದು ದೋಣಿ ಗುಜರಿಗೆ ಹೋಗುವುದನ್ನು ನೋಡುವ ಕುತೂಹಲ ಎಂದೇ ಇಟ್ಟುಕೊಳ್ಳಿ. ದೀಪ ಹಚ್ಚುವ ಹೊತ್ತಿಗೆ ಅಜ್ಜಂಪುರ ಸೇರಿದೆ. ಅತ್ತೆ ಭಜನೆಗೆ ಹೋಗಿದ್ದರು, ಬಾಗಿಲು ಓರೆಯಾಗಿತ್ತು. ಮಾವ ಹಜಾರದಲ್ಲಿ ಕಂಬದ ಮುಂದೆ ಮಂಡಿಯೂರಿ ಕೂತಿದ್ದರು. ಪಕ್ಕದಲ್ಲಿ ಡಬ್ಬಿ, ಅದರ ತುಂಬ ಹೊಸ ರಿವೆಟ್ಟುಗಳು, ಎಲ್ಲ ಅಳತೆಯವೂ. ಸದ್ಯಕ್ಕೆ ಸಿಕ್ಕಿಲ್ಲ ಎನ್ನುತ್ತಿದ್ದ ರಿವೆಟ್ಟುಗಳು!

ರಿವೆಟ್ಟು ಹಾಕುವ ಗನ್ನು ಇಕ್ಕಳದ ಹಾಗಿರುತ್ತದೆ. ರಿವೆಟ್ಟನ್ನು ಅದರ ಮೂತಿಗೆ ಸಿಕ್ಕಿಸಿ, ತೂತಿಗೆ ನೆಟ್ಟಗೆ ಇಳಿಸಿ, ಅಲ್ಲಾಡದಂತೆ ಒತ್ತಿ ಹಿಡಿದು, ಹಿಡಿಯನ್ನು ಹಿಂಡಬೇಕು. ಸ್ಟೀಲ್ ರಿವೆಟ್ಟಿಗೆ ಜೋರು ಬೇಕು. ಒಳಗಿನ ಮೊಳೆ ಟಪ್ ಎಂದು ತುಂಡಾದರೆ ಕೆಲಸ ಮುಗಿಯಿತು. ಮಾವ ಬಲಗೈಯಲ್ಲಿ ಗನ್ನು ಹಿಡಿದು ರಿವೆಟ್ಟನ್ನು ತೂತಿಗೆ ತಂದರು. ಅದು ತೂತಿನ ಸುತ್ತ ಟಕಟಕಟಕ ಎಂದು ಕೋಳಿ ಕಾಳು ಕುಕ್ಕಿದಂತೆ ಕುಕ್ಕಿತು. ಒಳಗೆ ಇಳಿಯಲಿಲ್ಲ. ಎಡಗೈಯಿಂದ ಬಲಗೈಯನ್ನು ಹಿಡಿದರು. ಇಳಿಯಿತು. ಹಿಂಡಿದರು. ಬೆರಳುಗಳು ಅರ್ಧಕ್ಕೆ ಬಿಟ್ಟುಕೊಂಡವು, ರಿವೆಟ್ಟು ಓರೆಯಾಗಿ ನೆಲಕ್ಕೆ ಬಿದ್ದು ನನ್ನ ಕಾಲಿನ ತನಕ ಉರುಳಿ ಬಂತು.

ಎತ್ತಿಕೊಟ್ಟೆ. ಅವರು ನನ್ನನ್ನು ನೋಡಿ ಗನ್ನನ್ನು ಬೆನ್ನ ಹಿಂದೆ ಮುಚ್ಚಿಡಲು ಹೋದರು. ಆಮೇಲೆ ಬಿಟ್ಟರು.

"ಬಿಚ್ಚೋದು ಡ್ರಿಲ್ಲೇ ಮಾಡ್ತದೆ ಕಣೇ. ಎದೆಗೊತ್ಕಂಡು ಮೈಭಾರ ಬಿಟ್ರೆ ಸಾಕು. ಹಾಕೋಕೆ ಕೈ ಬೇಕು."

ಶಿವಮೊಗ್ಗಕ್ಕೆ ರಿವೆಟ್ಟು ತರಲು ಹೋಗುತ್ತೇನೆ ಎಂದು ಒಬ್ಬರೇ ಹೋಗಿ ಬರುತ್ತಿದ್ದರಲ್ಲ, ಹೋಗಿದ್ದು ಡಾಕ್ಟರ ಬಳಿಗೆ. ಅವರು ಹೇಳಿದ ಕಾಯಿಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಾತ್ರೆ ಇದೆ, ಹತೋಟಿಯಲ್ಲಿರುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ರಿವೆಟ್ಟು ಹಾಕಲು ಬೇರೆ ಯಾರನ್ನಾದರೂ ಕರೆಯಬಹುದಿತ್ತಲ್ಲ ಎಂದೆ. ಕರೆದರೆ ಯಾಕೆಂದು ಹೇಳಬೇಕಾಗುತ್ತಿತ್ತು ಎಂದರು. ಬಾಣಲೆ, ಸೂಟ್‌ಕೇಸುಗಳೆಲ್ಲ ಅದಕ್ಕೇ. ಯಾವತ್ತಾದರೂ ಒಂದು ದಿನ ಕೈ ನೆಟ್ಟಗೆ ನಿಲ್ಲುತ್ತದೇನೋ, ಒಂದಾದರೂ ಹಾಕಿಬಿಡಬಹುದೇನೋ ಎಂದು ಮೊದಲು ಬಿಚ್ಚುತ್ತಿದ್ದರು. ನಾನು ಅವರ ಗಡ್ಡವನ್ನು ನೋಡಿದೆ. ಗುಂಡಿಯಿಲ್ಲದ ಅಂಗಿಯನ್ನು ನೋಡಿದೆ. ನೋಡಲು ಬೇರೆ ಏನಾದರೂ ಇದ್ದರೆ ಚೆನ್ನಾಗಿತ್ತು.

"ಹಾಯಿ ಹಗ್ಗ ಹಿಡಿಯಾಕೆ ಈ ಕೈ ಸಾಕು ಕಣೇ" ಎಂದರು ಮಾವ. "ಈ ವರ್ಷಕ್ಕೆ ಸಾಕು. ಅವ್ಳನ್ನ ಒಂದ್ಸಲ ಕೂರಿಸ್ಕಂಡು ಆಚೆ ದಡಕ್ಕೆ ಹೋಗ್ಬರ್ಬೇಕು ಅಂತಿತ್ತು. ಅವ್ಳಿಗೆ ಇದೇನೂ ಹೇಳ್ಬೇಡ."

ಹೇಳುವುದಿಲ್ಲ ಎಂದೆ. ಹೇಳದೇ ಇರುವುದು ನನಗೆ ಬರುವ ಕೆಲವೇ ವಿದ್ಯೆಗಳಲ್ಲಿ ಒಂದು.

ಅತ್ತೆ ಬಂದು ಬಡಿಸಿದರು. ನನಗೆ ಅನ್ನ, ಮಾವನಿಗೆ ಮುದ್ದೆ. ಕೆಲವು ತಿಂಗಳಿಂದ ಮಾವನಿಗೆ ರಾತ್ರಿಯೂ ಮುದ್ದೆಯೇ. ನಾವಿಕರಿಗೆ ಅನ್ನ ಅರಗಲ್ಲ ಎಂದು ಅತ್ತೆ ಹಂಗಿಸುತ್ತಿದ್ದರು. ಅವತ್ತು ಮಾವನ ಕೈಯನ್ನೇ ನೋಡುತ್ತ ಕೂತಿದ್ದ ನನಗೆ ಕಂಡದ್ದು ಇಷ್ಟು: ಅನ್ನವಾದರೆ ತುತ್ತು ಬಾಯಿಗೆ ಹೋಗುವುದರೊಳಗೆ ಉದುರುತ್ತದೆ. ಮುದ್ದೆ ಉದುರುವುದಿಲ್ಲ. ಊಟವಾದ ಮೇಲೆ ಅತ್ತೆ ಮಜ್ಜಿಗೆಯನ್ನು ಚೊಂಬಿಗೆ ಅರ್ಧದವರೆಗೆ ಮಾತ್ರ ಸುರಿದು, ಹಿಡಿಯಲು ಅನುಕೂಲವಾಗುವಂತೆ ತಿರುಗಿಸಿ, ಅವರ ಎಡಗೈ ಕಡೆಗೆ ಇಟ್ಟರು. ಇಡುತ್ತಲೇ, ನಾಳೆ ಗುಜರಿಯವರು ಕಂಬಕ್ಕೆ ಹೆಚ್ಚು ಕೊಡುತ್ತಾರೋ ದೋಣಿಗೋ ಎಂದು ಕೇಳಿದರು. ಮಾವ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಎದ್ದೆ. ಬೀದಿಗೆಲ್ಲ ಕೇಳುವ ಹಾಗೆ ಹಾಕೋದು ಗೊತ್ತಿಲ್ಲ, ಹಾಕೋದು ಗೊತ್ತಿಲ್ಲ ಎಂದು ಕೂಗಿಕೊಂಡು ಬಂದ ಅತ್ತೆ, ಹಾಕೋಕೆ ಆಗಲ್ಲ ಎಂದು ಯಾರೂ ಊಹಿಸದಂತೆ ನೋಡಿಕೊಂಡಿದ್ದರು.

ಮರುದಿನ ಬೆಳಿಗ್ಗೆ ನಾನು ಕಾಫಿಗೂ ಮೊದಲೇ ಗನ್ನು ಕೈಗೆ ತೆಗೆದುಕೊಂಡೆ. ಮಾವ ಕೊಕ್ಕೆಯ ಅಡಿಗೆ ಹಳದಿ ಲೇಪ ಸವರಿದರು. ಕೈ ನಡುಗಿದ್ದರಿಂದ ಎಲ್ಲ ಕಡೆಗೂ ಸಮನಾಗಿ ಹರಡಿತು. ಅವರು ಗನ್ನಿನ ಮೂತಿಯ ಮೇಲೆ ಅಂಗೈಯಿಟ್ಟು ಮೈಭಾರ ಬಿಟ್ಟರು, ನಾನು ಎರಡೂ ಕೈಯಿಂದ ಹಿಂಡಿದೆ. ಟಪ್. ಮೊದಲನೆಯದು ಓರೆಯಾಯಿತು. "ಬಿಚ್ಚೋದು ನಂಗೆ ಬಿಡು" ಎಂದು ಮಾವ ಮದುವಣಿಗನಂತೆ ಡ್ರಿಲ್ಲಿನ ಕಡೆಗೆ ಹೋದರು. ಆಮೇಲೆ ಸರಿಯಾಗಿ ಕೂತವು. ಹಿಗ್ಗಿದ ತೂತುಗಳಿಗೆ ಒಂದಳತೆ ದಪ್ಪದ್ದು ಹಾಕಿದೆವು. ಒಂದೊಂದು ಸಾಮಾನು ಕೂತ ಹಾಗೆ ಕಂಬದ ಊಳು ಒಂದೊಂದು ಸ್ವರ ಕಡಿಮೆಯಾಗುತ್ತ ಬಂದು, ಕೊನೆಗೆ ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೇ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಕಂಬ ನೋಡಿದರು, ನನ್ನ ಅಂಗೈ ನೋಡಿದರು, ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದು ನನ್ನ ಪಕ್ಕ ಇಟ್ಟರು. ಬಾಣಲೆ ಕೊಡಿ, ಅದಕ್ಕೂ ಹಾಕಿಬಿಡುತ್ತೇನೆ ಎಂದೆ.

"ಅದು ಹಂಗೇ ಇರ್ಲಿ" ಎಂದರು ಅತ್ತೆ. "ಬೈಯೋಕೆ ನಂಗೂ ಒಂದು ಬೇಕಲ್ಲ."

ಟ್ರ್ಯಾಕ್ಟರ್ ಬಂತು. ಗೌಡರು ಕಂಬದ ಉದ್ದಕ್ಕೂ ನಡೆದು, ಕೊಕ್ಕೆಗಳನ್ನು ಒಂದೊಂದಾಗಿ ಎಳೆದು ನೋಡಿ, ಅಂತೂ ಹಾಕ್ಬಿಟ್ರಲ್ಲ ಸಾಹೇಬ್ರೇ ಎಂದರು. ಮಾವ ಏನೋ ಹೇಳಲು ಬಾಯಿ ತೆರೆದರು. ಬೆಳಿಗ್ಗೆ ಬೇಗ ಎದ್ದು ಹಾಕಿದ್ದಾರೆ, ನಮಗೆ ನಿದ್ದೆಯೇ ಇಲ್ಲ ಎಂದು ನಾನು ದೂರುವ ದನಿಯಲ್ಲಿ ಹೇಳಿದೆ. ಅತ್ತೆ ಲೈಫ್ ಜಾಕೆಟ್ಟನ್ನು ಸೀರೆಯ ಮೇಲೆ ತೊಟ್ಟುಕೊಂಡು, ಅದರ ಪಟ್ಟಿ ಎಲ್ಲಿ ಸಿಕ್ಕಿಸುವುದೆಂದು ಗೊತ್ತಾಗದೆ ಬಾಗಿಲಲ್ಲಿ ನಿಂತಿದ್ದರು. ನಾನು ಬೊಬ್ಬೆ ಎದ್ದ ಅಂಗೈಗಳನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಕಂಬದ ಒಂದು ತುದಿಗೆ ಹೆಗಲು ಕೊಟ್ಟು ಎದ್ದು ನಿಂತೆ; ಇನ್ನೊಂದು ತುದಿ ನನಗಿಂತ ಎತ್ತರದ ಮಾವನ ಹೆಗಲೇರಿತು. ಒಳಗಿದ್ದ ಹಳೆಯ ರಿವೆಟ್ಟುಗಳ ಬಾಲಗಳು ಒಮ್ಮೆಲೇ ಹೊರಟು, ಮಾವನ ಕಡೆಯಿಂದ ನನ್ನ ಕಡೆಗೆ ಉರುಳಿ ಬಂದವು.